ಸೇಂಟ್ ಆಂಡ್ರೂಸ್‌ನ ಊರಬಯಲು

ಗಾಲ್ಫ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಒಂದು ಬೇಲಿ. ಬೇಲಿಯ ಆಚೆ ನಯವಾಗಿ ಕತ್ತರಿಸಿದ ಹುಲ್ಲು, ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಕಾವಲುಗಾರ, ಸದಸ್ಯರಲ್ಲದವರಿಗೆ ಪ್ರವೇಶವಿಲ್ಲವೆಂಬ ಫಲಕ. ಇದು ದೊರೆಗಳ ಆಟ, ಹಣವಂತರ ಆಟ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವಿಲ್ಲದೆಯೂ ಇಲ್ಲ. ಆದರೆ ಆಟದ ತವರಾದ ಸ್ಕಾಟ್ಲೆಂಡಿನ ಚರಿತ್ರೆಯನ್ನು ತೆರೆದು ನೋಡಿದರೆ ಬೇಲಿಯಿಲ್ಲದ ಒಂದು ಬಯಲು ಕಾಣುತ್ತದೆ. ನಾನು ಗಾಲ್ಫ್ ದಾಂಡನ್ನು ಕೈಯಲ್ಲಿ ಹಿಡಿದವನಲ್ಲ. ಕನ್ನಡ ಪಾಠ ಹೇಳುತ್ತ ಜೀವಮಾನ ಕಳೆದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಆಟದಿಂದಲ್ಲ, ನೆಲದಿಂದ. ಒಂದು ಸಣ್ಣ ಊರಿನವರು ತಮ್ಮ ಊರಬಯಲನ್ನು ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲ ಹೇಗೆ ಉಳಿಸಿಕೊಂಡರೆಂಬುದು, ಗೋಮಾಳವೆಂಬ ಶಬ್ದವನ್ನು ಕಾಗದಪತ್ರಗಳಲ್ಲಿ ಮಾತ್ರ ಓದುವ ಸ್ಥಿತಿಗೆ ಬಂದಿರುವ ನಮಗೆ ಕುತೂಹಲದ ಸಂಗತಿಯೇ ಸರಿ.

ಆ ಊರು ಸೇಂಟ್ ಆಂಡ್ರೂಸ್. ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ, ಫೈಫ್ ಸೀಮೆಯಲ್ಲಿದೆ. ಅದಕ್ಕೆ ಒಂದು ಪಾಳುಬಿದ್ದ ಮಹಾದೇವಾಲಯವೂ 1413ರಷ್ಟು ಹಳೆಯ ವಿಶ್ವವಿದ್ಯಾನಿಲಯವೂ ಉಂಟು. ಊರಿಗೆ ಅಂಟಿಕೊಂಡಂತೆ, ಕಡಲಿಗೂ ಉಳುವ ಹೊಲಗಳಿಗೂ ನಡುವೆ, ಮರಳು ನೆಲದ ಒಂದು ಪಟ್ಟಿ ಹಬ್ಬಿದೆ. ಇಂಥ ನೆಲವನ್ನು ಅಲ್ಲಿಯವರು 'ಲಿಂಕ್ಸ್' ಎನ್ನುತ್ತಾರೆ. ಕಡಲನ್ನೂ ನೆಲವನ್ನೂ ಕೂಡಿಸುವುದರಿಂದ ಈ ಹೆಸರು ಬಂತೆಂದು ಹೇಳುವವರುಂಟು, ನಿಘಂಟುಕಾರರು ಒಪ್ಪುವುದಿಲ್ಲ. ದಿಣ್ಣೆ, ಏರುನೆಲ ಎಂಬ ಅರ್ಥದ 'ಹ್ಲಿಂಕ್' ಎಂಬ ಹಳೆಯ ಇಂಗ್ಲಿಷ್ ಶಬ್ದವೇ ಅದರ ಮೂಲ. ಬೇಸಾಯಕ್ಕೆ ಒದಗದ ನೆಲ. ಆದ್ದರಿಂದಲೇ ಅದು ಸಾರ್ವಜನಿಕರಿಗೆ ಉಳಿಯಿತು. ಕುರಿ ಮೇಯುತ್ತಿತ್ತು, ಮೊಲ ಬಿಲ ತೋಡುತ್ತಿತ್ತು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ಬಡವರು ಹುಲ್ಲುಹೆಂಟೆ ಕಡಿದು ಒಯ್ಯುತ್ತಿದ್ದರು. ಇದೇ ನೆಲದಲ್ಲಿ ಜನ ಕೋಲಿನಿಂದ ಚೆಂಡನ್ನು ಹೊಡೆದು ಗುಳಿಗೆ ಬೀಳಿಸುವ ಆಟವನ್ನೂ ಆಡುತ್ತಿದ್ದರು.

ಎಂದಿನಿಂದ ಎಂಬುದಕ್ಕೆ ದೊರೆಯುವ ಮೊದಲ ಲಿಖಿತ ಸಾಕ್ಷಿ ಒಂದು ನಿಷೇಧಾಜ್ಞೆ. 1457ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಸ್ಕಾಟಿಷ್ ಸಂಸತ್ತು ಗಾಲ್ಫನ್ನೂ ಕಾಲ್ಚೆಂಡನ್ನೂ ನಿಷೇಧಿಸಿತು. ಯುವಕರು ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಆಟದಲ್ಲಿ ಹೊತ್ತು ಕಳೆಯುತ್ತಾರೆ, ಇಂಗ್ಲಿಷರು ದಂಡೆತ್ತಿ ಬಂದರೆ ಗತಿಯೇನು ಎಂಬುದು ಚಿಂತೆ. 1471ರಲ್ಲಿಯೂ 1491ರಲ್ಲಿಯೂ ಅದೇ ಆಜ್ಞೆಯನ್ನು ಮತ್ತೆ ಹೊರಡಿಸಬೇಕಾಯಿತೆಂದರೆ ಜನ ಅದನ್ನು ಎಷ್ಟು ಪಾಲಿಸಿದರೆಂಬುದು ತಿಳಿಯುತ್ತದೆ. ಕಡೆಗೆ 1502ರಲ್ಲಿ ನಾಲ್ಕನೆಯ ಜೇಮ್ಸ್ ದೊರೆಯೇ ಪರ್ತ್ ಊರಿನ ಬಿಲ್ಲುಗಾರನೊಬ್ಬನಿಂದ ಗಾಲ್ಫ್ ದಾಂಡುಗಳನ್ನು ಕೊಂಡನು. ಬಿಲ್ಲು ಮಾಡುವವನೇ ದಾಂಡು ಮಾಡಿಕೊಟ್ಟನೆಂಬುದರಲ್ಲಿ ಒಂದು ವಿನೋದವಿದೆ.

ಸೇಂಟ್ ಆಂಡ್ರೂಸ್‌ನ ಮಟ್ಟಿಗೆ ಮುಖ್ಯವಾದ ವರ್ಷ 1552. ಆಗಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ಗೆ ಲಿಂಕ್ಸ್ ನೆಲದಲ್ಲಿ ಮೊಲಗಳನ್ನು ಸಾಕಿಕೊಳ್ಳಲು ಊರಿನವರು ಅನುಮತಿ ಕೊಟ್ಟರು. ಪ್ರತಿಯಾಗಿ ಆತ ಒಂದು ಪತ್ರ ಬರೆದುಕೊಟ್ಟ: ಈ ಬಯಲಿನಲ್ಲಿ ಗಾಲ್ಫ್, ಕಾಲ್ಚೆಂಡು, ಬಾಣಪ್ರಯೋಗ ಮೊದಲಾದ ಎಲ್ಲ ಆಟಗಳನ್ನೂ ಆಡುವ, ದನಕರು ಮೇಯಿಸುವ, ಹುಲ್ಲುಹೆಂಟೆ ತೆಗೆಯುವ ಹಕ್ಕು ಊರಿನ ಸಮುದಾಯಕ್ಕೆ ಸೇರಿದ್ದು ಎಂದು. ನಮ್ಮ ಕಡೆಯ ಶಾಸನಗಳಂತೆ ಇದೂ ಒಂದು ಶಾಸನವೇ. ಹಕ್ಕು ಮೊದಲೇ ಇತ್ತು. ಬರೆಹ ಅದಕ್ಕೆ ಮೈ ಕೊಟ್ಟಿತು. ಆ ಪತ್ರದೊಳಗೆ ಮೊಲ ಒಂದು ಕಡೆ, ಚೆಂಡು ಒಂದು ಕಡೆ ಕೂತವು. ಅವೆರಡಕ್ಕೂ ಜಗಳ ಹತ್ತಿದ್ದು ಸುಮಾರು ಎರಡೂವರೆ ಶತಮಾನಗಳ ಮೇಲೆ.

ಆ ನಡುವೆ ಸಂಘಗಳು ಹುಟ್ಟಿದವು. 1744ರಲ್ಲಿ ಎಡಿನ್‌ಬರೊ ಬಳಿಯ ಲೀತ್ ಬಯಲಿನಲ್ಲಿ ಆಡುತ್ತಿದ್ದ ಮಹನೀಯರು ಪಟ್ಟಣಸಭೆಯಿಂದ ಬೆಳ್ಳಿಯ ದಾಂಡೊಂದನ್ನು ಬಹುಮಾನವಾಗಿ ಪಡೆದು, ಸ್ಪರ್ಧೆ ನಡೆಸುವುದಕ್ಕಾಗಿ ಹದಿಮೂರು ನಿಯಮಗಳನ್ನು ಬರೆದರು. ಗಾಲ್ಫಿನ ಮೊದಲ ಲಿಖಿತ ನಿಯಮಗಳು ಅವೇ. ಗೆದ್ದವನು ಜಾನ್ ರ‍್ಯಾಟ್ರೇ ಎಂಬ ಶಸ್ತ್ರವೈದ್ಯ. ಮರುವರ್ಷ ಈತ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ದಂಗೆಯ ಸೈನ್ಯದಲ್ಲಿ ವೈದ್ಯನಾಗಿ ಸೇರಿ, 1746ರ ಕಲೋಡನ್ ಯುದ್ಧದ ಸೋಲಿನಲ್ಲಿ ಸೆರೆಸಿಕ್ಕ. ಅವನಿಗಾಗಿ ಮಾತಾಡಿ ಬಿಡಿಸಿದವನು ಎದುರು ಪಕ್ಷದ ದೊಡ್ಡ ನ್ಯಾಯಾಧೀಶ ಡಂಕನ್ ಫೋರ್ಬ್ಸ್. ಲೀತ್ ಬಯಲಿನಲ್ಲಿ ಅವನ ಜೊತೆ ಚೆಂಡಾಡಿದವನು. 1754ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿಯೂ ಇಪ್ಪತ್ತೆರಡು ಮಂದಿ ಗಣ್ಯರು ಸಂಘ ಕಟ್ಟಿಕೊಂಡರು. 1834ರಲ್ಲಿ ನಾಲ್ಕನೆಯ ವಿಲಿಯಂ ದೊರೆಯ ಕೃಪೆಯಿಂದ ಅದು 'ರಾಯಲ್ ಅಂಡ್ ಏನ್ಷೆಂಟ್' ಆಯಿತು. ಸಂಘ ಗಣ್ಯರದು, ಆದರೆ ಆಡುವ ನೆಲ ಸಂಘದ್ದಲ್ಲ, ಊರಿನದು. ಈ ಭೇದವನ್ನು ಕೇಳುಗರು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ.

1797ರ ಹೊತ್ತಿಗೆ ಪಟ್ಟಣಸಭೆ ಸಾಲದಲ್ಲಿ ಮುಳುಗಿತ್ತು. ಸಾಲಗಾರ ಮನೆಯೊಡೆಯನಂತೆ ಅದು ಕೈಗೆ ಸಿಕ್ಕಿದ್ದನ್ನು ಮಾರಲು ಹೊರಟಿತು. ಲಿಂಕ್ಸ್ ನೆಲವೂ ಕೈಬಿಟ್ಟುಹೋಯಿತು. ಸ್ವಲ್ಪ ಕಾಲದಲ್ಲಿಯೇ ಅದು ಡೆಂಪ್‌ಸ್ಟರ್ ಮನೆತನದ ವ್ಯಾಪಾರಿಗಳ ವಶಕ್ಕೆ ಬಂತು. ಅವರಿಗೆ ಬೇಕಾದದ್ದು ಮೊಲದ ಮಾಂಸ, ಮೊಲದ ಚರ್ಮ. ಬಯಲ ತುಂಬ ಮೊಲಗಳನ್ನು ಬಿಟ್ಟರು. ಮೊಲ ಮಿತವಾಗಿದ್ದರೆ ಹುಲ್ಲನ್ನು ಹದವಾಗಿ ಮೇಯ್ದು ನೆಲವನ್ನು ಆಟಕ್ಕೆ ಒಗ್ಗಿಸುತ್ತದೆ. ಮಿತಿ ಮೀರಿದರೆ ನೆಲವೆಲ್ಲ ಬಿಲ. ಚೆಂಡು ಎಲ್ಲಿ ಬಿದ್ದರೂ ಬಿಲದೊಳಗೆ. ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದರು, ಊರಿನವರು ದೊಣ್ಣೆ ಹಿಡಿದು ಮೊಲಗಳನ್ನು ಕೊಲ್ಲತೊಡಗಿದರು. ಹೊಡೆದಾಟವೂ ವ್ಯಾಜ್ಯವೂ ಇಪ್ಪತ್ತು ವರ್ಷಗಳಷ್ಟು ನಡೆದು, ವ್ಯಾಜ್ಯ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ನೆಲ ಮಾರಿದರೂ ನೆಲದ ಮೇಲಿನ ಆಟದ ಹಕ್ಕು ಮಾರಾಟವಾಗುತ್ತದೆಯೇ ಎಂಬುದೇ ಪ್ರಶ್ನೆ. ಕಾನೂನಿನ ವಾದ ಕೊನೆಗಾಣಿಸದ್ದನ್ನು 1821ರಲ್ಲಿ ಒಬ್ಬ ಭೂಮಾಲೀಕನ ಹಣ ಕೊನೆಗಾಣಿಸಿತು. ಸ್ಟ್ರಾಥ್‌ಟೈರಮ್‌ನ ಜೇಮ್ಸ್ ಚೀಪ್ ಎಂಬಾತ ತಾನೇ ಗಾಲ್ಫ್ ಪ್ರಿಯ. ನೆಲವನ್ನು ಕೊಂಡು ಮೊಲಗಳ ಕಾಟವನ್ನು ತಪ್ಪಿಸಿದ. ಊರಿನವರು ಕೃತಜ್ಞರಾದರು, ಆದರೂ ಊರಬಯಲು ಒಬ್ಬನ ಸೊತ್ತಾಗಿಯೇ ಉಳಿಯಿತು.

ಇನ್ನು ಚೆಂಡಿನ ಮಾತು. ಆ ಕಾಲದ ಚೆಂಡು ಚರ್ಮದ ಚೀಲದೊಳಗೆ ಒಂದು ಟೋಪಿಯಷ್ಟು ಹಕ್ಕಿಗರಿಯನ್ನು ಬೇಯಿಸಿ ತುರುಕಿ ಹೊಲಿದದ್ದು. ನುರಿತ ಕುಶಲಕರ್ಮಿಯೂ ದಿನಕ್ಕೆ ನಾಲ್ಕಾರು ಚೆಂಡು ಮಾತ್ರ ಮಾಡಬಲ್ಲ. ಮಳೆಗೆ ನೆನೆದರೆ ಅದು ಸತ್ತಂತೆ. ನೆಲ ಬಿಟ್ಟಿಯಾದರೂ ಚೆಂಡು ದುಬಾರಿ. 1848ರ ಹೊತ್ತಿಗೆ ಮಲಯದ ಮರದ ಹಾಲಿನಿಂದ ಬರುವ ಗಟ್ಟಪರ್ಚ ಎಂಬ ಅಂಟಿನಿಂದ ಚೆಂಡು ಮಾಡುವುದು ಬಂತು. ಇದರ ಹುಟ್ಟಿನ ಬಗ್ಗೆ ಆ ಊರಿನಲ್ಲಿ ಒಂದು ಕತೆಯಿದೆ. ಪೂರ್ವದೇಶದಿಂದ ಪೇಟರ್ಸನ್ ಎಂಬವರ ಮನೆಗೆ ವಿಷ್ಣುವಿನ ವಿಗ್ರಹವೊಂದು ಬಂತಂತೆ. ಒಡೆಯದಿರಲೆಂದು ಅದರ ಸುತ್ತ ಗಟ್ಟಪರ್ಚದ ಚೂರುಗಳನ್ನು ತುಂಬಿದ್ದರಂತೆ. ಆ ಮನೆಯ ಹುಡುಗ ಅದನ್ನು ಬಿಸಿನೀರಿನಲ್ಲಿ ಮೆದುಮಾಡಿ ಉಂಡೆಕಟ್ಟಿ ಚೆಂಡು ಮಾಡಿದನಂತೆ. ಕತೆ ಎಷ್ಟರಮಟ್ಟಿಗೆ ನಿಜವೋ, ಸೊಗಸಾಗಿದೆ. ಹೊಸ ಚೆಂಡು ಅಗ್ಗವಾಗಿತ್ತು, ಗಟ್ಟಿಯಾಗಿತ್ತು. ಗರಿಚೆಂಡಿನ ಹೆಸರಾಂತ ಕಸುಬುದಾರ ಅಲನ್ ರಾಬರ್ಟ್‌ಸನ್ ತನ್ನ ಹೊಟ್ಟೆಯ ಮೇಲೆ ಹೊಡೆಯುವ ಈ ಚೆಂಡನ್ನು ದ್ವೇಷಿಸಿದ. ಅವನ ಕೈಕೆಳಗೆ ಕೆಲಸ ಕಲಿತ ಟಾಮ್ ಮಾರಿಸ್ ಒಮ್ಮೆ ಅದರಿಂದ ಆಡಿದ್ದಕ್ಕಾಗಿ ಇಬ್ಬರಿಗೂ ಮನಸ್ಸು ಮುರಿಯಿತು.

ಈ ಟಾಮ್ ಮಾರಿಸ್ ನೇಕಾರನ ಮಗ. ಜಗಳದ ಮೇಲೆ 1851ರಲ್ಲಿ ಪ್ರೆಸ್ಟ್‌ವಿಕ್‌ಗೆ ಹೋಗಿ ಹನ್ನೆರಡು ಗುಳಿಗಳ ಅಂಗಣ ಹಾಕಿದ. ಅಲ್ಲಿ 1860ರಲ್ಲಿ ಎಂಟು ಜನ ಆಟಗಾರರಿಂದ ಮೊದಲ ಓಪನ್ ಸ್ಪರ್ಧೆ ನಡೆಯಿತು. ಆಮೇಲೆ ಊರಿಗೆ ಮರಳಿ ಬಯಲಿನ ಪಾಲಕನಾದ. ಗಾಲ್ಫ್ ಅಂಗಣ ಕಟ್ಟುವುದು ಒಂದು ಶಾಸ್ತ್ರವಾಗುವುದಕ್ಕೆ ಮುಂಚಿನ ಶಾಸ್ತ್ರಕಾರ ಈತ. ಆದರೆ ಅವನ ಊರಿನ ಹಳೆಯ ಅಂಗಣವನ್ನು ಒಬ್ಬರು ರಚಿಸಿದರೆಂದು ಹೇಳುವಂತಿಲ್ಲ. ಕಡಲಗಾಳಿಗೆ ಹೆದರಿ ಕುರಿಗಳು ಒತ್ತಿಕೊಂಡು ಮಲಗಿದ ಕಡೆ ಹುಲ್ಲು ಸವೆದು ಮರಳು ತೆರೆಯಿತು, ಗಾಳಿ ಅದನ್ನು ಅಗಲಿಸಿತು. ಹೀಗೆ ಬಂಕರ್ ಎಂಬ ಮರಳುಗುಂಡಿ ಹುಟ್ಟಿತು ಎನ್ನುತ್ತಾರೆ. ಇಂದು ಅಲ್ಲಿ ಇಂಥ 112 ಗುಂಡಿಗಳಿವೆ. ಒಂದರ ಹೆಸರು 'ನರಕ', ಇನ್ನೊಂದರ ಹೆಸರು 'ಶವಪೆಟ್ಟಿಗೆಗಳು'. ಮೇಷ್ಟ್ರಾಗಿದ್ದ ನನಗೆ ಹೆಚ್ಚು ಹಿಡಿಸಿದ್ದು 'ಪ್ರಾಂಶುಪಾಲರ ಮೂಗು'. ಅಲ್ಲಿನ ವಿಶ್ವವಿದ್ಯಾನಿಲಯದ ಪ್ರಾಂಶುಪಾಲರೊಬ್ಬರ ಮೂಗಿನ ನೆನಪಿಗೆಂದು ಹೇಳಿಕೆ.

ಹದಿನೆಂಟು ಗುಳಿಗಳ ಲೆಕ್ಕವೂ ಈ ಬಯಲಿನದೇ. ಮೊದಲು ಒಂದು ಸುತ್ತಿಗೆ ಇಪ್ಪತ್ತೆರಡು ಗುಳಿಗಳಿದ್ದವು. ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ ಹೋಗುತ್ತ ಆಡಿದ ಗುಳಿಗಳನ್ನೇ ಬರುತ್ತಲೂ ಆಡುವುದು ಪದ್ಧತಿ. 1764ರಲ್ಲಿ ಮೊದಲ ನಾಲ್ಕು ಚಿಕ್ಕವೆಂದು ಎರಡಾಗಿ ಸೇರಿಸಿದಾಗ, ಎರಡು ದಿಕ್ಕಿನಲ್ಲಿಯೂ ಎರಡೆರಡು ಕಡಿಮೆಯಾಗಿ ಹದಿನೆಂಟು ಉಳಿಯಿತು. ಆ ಆಕಸ್ಮಿಕವನ್ನು ಇಂದು ಜಗತ್ತೆಲ್ಲ ಪಾಲಿಸುತ್ತಿದೆ. ಜನ ಹೆಚ್ಚಿ, ಹೋಗುವವರೂ ಬರುವವರೂ ಎದುರುಬದುರಾದಾಗ ಒಂದೇ ಹಸಿರಿನಲ್ಲಿ ಎರಡೆರಡು ಗುಳಿ ತೋಡಿದರು. ಇಂದಿಗೂ ಅಲ್ಲಿ ಏಳು ಜೋಡಿ ಹಸಿರುಗಳಿವೆ: ಎರಡನೆಯದಕ್ಕೆ ಹದಿನಾರು, ಮೂರಕ್ಕೆ ಹದಿನೈದು, ಹೀಗೆ. ಯಾವ ಜೋಡಿಯನ್ನು ಕೂಡಿಸಿದರೂ ಹದಿನೆಂಟೇ ಬರುತ್ತದೆ. 1870ರ ಸುಮಾರಿಗೆ ಟಾಮ್ ಮಾರಿಸ್ ಮೊದಲ ಗುಳಿಗೆ ಬೇರೆ ಹಸಿರನ್ನು ಕಟ್ಟಿದ ಮೇಲೆ ಬಯಲನ್ನು ಎಡದಿಂದಲೂ ಬಲದಿಂದಲೂ ಸುತ್ತುವುದು ಸಾಧ್ಯವಾಯಿತು. ಕ್ರಮೇಣ ಒಂದೇ ದಿಕ್ಕು ಗಟ್ಟಿಯಾಯಿತು. ಕೆಲವು ಗುಂಡಿಗಳು ಇಂದಿನ ಆಟಗಾರನ ಕಣ್ಣಿಗೆ ಕಾಣದೆ ಅಡಗಿ ಕುಳಿತಿರುವುದು ಇದರಿಂದ. ಅವು ಕಾದಿರುವುದು ಆ ದಿಕ್ಕಿನಿಂದ ಬರುತ್ತಿದ್ದವನಿಗೆ.

1893ರಲ್ಲಿ ಚೀಪ್ ಮನೆತನದಿಂದ ಬಯಲನ್ನು ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬು ಕೊಂಡಿತು. ಇಲ್ಲಿ ಊರಿನವರು ಸುಮ್ಮನಿರಲಿಲ್ಲ. ಅವರಲ್ಲಿಯೂ ಆಟಗಾರರಿದ್ದರು, ಬಡಗಿ, ಗಾರೆಯವ ಮೊದಲಾದ ಕಸುಬುದಾರರು 1843ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದರು. ಹೆಂಗಸರು 1867ರಲ್ಲಿ ಕಟ್ಟಿಕೊಂಡ ಸಂಘದ ಏರಿಳಿತದ ಹುಲ್ಲುನೆಲಕ್ಕೆ 'ಹಿಮಾಲಯ' ಎಂಬ ಹೆಸರಿದೆ. ಪುರಸಭೆ ಸಂಸತ್ತಿಗೆ ಹೋಯಿತು. 1894ರ ಶಾಸನದ ಪ್ರಕಾರ ಬಯಲು ಮರಳಿ ಊರಿಗೆ ಸೇರಿತು. ಕ್ಲಬ್ಬಿಗೆ ಆಟದ ಸೌಕರ್ಯ ಉಳಿಯಿತು, ಪ್ರತಿಯಾಗಿ ಅದು ತನ್ನ ಖರ್ಚಿನಲ್ಲಿ ಇನ್ನೊಂದು ಅಂಗಣ ಹಾಕಿಸಿಕೊಡಬೇಕಾಯಿತು. 1895ರಲ್ಲಿ ತೆರೆದ ಅದರ ಹೆಸರು ಇಂದಿಗೂ 'ಹೊಸ ಅಂಗಣ'.

ಊರಬಯಲಿನಲ್ಲಿ ತಾನಾಗಿ ಆದದ್ದನ್ನು ಬೇರೆ ಕಡೆ ಕೈಯಿಂದ ಮಾಡಹೊರಟವರೇ ಅಂಗಣ ಶಿಲ್ಪಿಗಳು. ರೈಲು ಬಂದು ಆಟ ಒಳನಾಡಿಗೆ ಹಬ್ಬಿದಾಗ ಮೊದಮೊದಲು ಗೂಟ ನೆಟ್ಟು ಒಂದೇ ದಿನದಲ್ಲಿ ಅಂಗಣ ಗುರುತು ಮಾಡಿ ಹೋಗುವುದಿತ್ತು. ಕಾನೂನು ಓದಿದ ಹ್ಯಾರಿ ಕೋಲ್ಟ್, ವೈದ್ಯನಾಗಿದ್ದ ಅಲಿಸ್ಟರ್ ಮೆಕೆಂಜಿ ಇಂಥವರು ಇದನ್ನು ವಿದ್ಯೆಯನ್ನಾಗಿ ಮಾಡಿದರು. ಮೆಕೆಂಜಿ ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದ ಮರೆಯಲ್ಲಿ ಹೇಗೆ ಅಡಗುತ್ತಾರೆಂಬುದನ್ನು ಗಮನಿಸಿದ್ದ. ಆ ಪಾಠವನ್ನು ಗುಂಡಿಗಳಿಗೆ ಅನ್ವಯಿಸಿದ. 1924ರಲ್ಲಿ ಆತ ಸಿದ್ಧಪಡಿಸಿದ ಹಳೆಯ ಅಂಗಣದ ನಕ್ಷೆ ಪ್ರಸಿದ್ಧವಾದದ್ದು. ಅವನು ಅಲ್ಲಿ ಕಂಡುಕೊಂಡದ್ದು ಇಷ್ಟು: ತಪ್ಪಿದವನನ್ನು ಶಿಕ್ಷಿಸುವುದು ದೊಡ್ಡದಲ್ಲ, ಎರಡು ದಾರಿ ತೋರಿಸಿ ಆರಿಸಿಕೋ ಎನ್ನುವುದು ದೊಡ್ಡದು. ಗುಂಡಿಯ ಪಕ್ಕದಲ್ಲಿ ಹೋದವನಿಗೆ ಹಸಿರು ಹತ್ತಿರ. ದೂರದಿಂದ ಸುತ್ತಿದವನು ಕ್ಷೇಮ, ಆದರೆ ಅವನಿಗೆ ಒಂದು ಹೊಡೆತ ಹೆಚ್ಚು. 1921ರಲ್ಲಿ ಇದೇ ಬಯಲಿನ ಹನ್ನೊಂದನೆಯ ಗುಳಿಯಲ್ಲಿ ಸಿಟ್ಟಿಗೆದ್ದು ಸ್ಪರ್ಧೆ ಬಿಟ್ಟ ಅಮೆರಿಕದ ತರುಣ ಬಾಬಿ ಜೋನ್ಸ್ 1927ರಲ್ಲಿ ಇಲ್ಲಿಯೇ ಓಪನ್ ಗೆದ್ದ. ಮುಂದೆ ಅವನೂ ಮೆಕೆಂಜಿಯೂ ಸೇರಿ ಜಾರ್ಜಿಯಾದಲ್ಲಿ, ಹಿಂದೆ ಸಸಿತೋಟವಾಗಿದ್ದ ನೆಲದಲ್ಲಿ ಅಗಸ್ಟಾ ಅಂಗಣವನ್ನು ಕಟ್ಟಿದರು. ಮೊದಲ ಸ್ಪರ್ಧೆಗೆ ಎರಡು ತಿಂಗಳ ಮುಂಚೆ, 1934ರ ಜನವರಿಯಲ್ಲಿ, ಮೆಕೆಂಜಿ ತೀರಿಕೊಂಡ.

ಬಯಲಿನ ರೂಪ ಕಡಲು ದಾಟಿತು; ಬಯಲಿನ ಹಕ್ಕು ದಾಟಲಿಲ್ಲ. ಅಗಸ್ಟಾ ಕ್ಲಬ್ಬು ಮೊದಲ ಕಪ್ಪು ಸದಸ್ಯನನ್ನು ಸೇರಿಸಿಕೊಂಡದ್ದು 1990ರಲ್ಲಿ, ಮಹಿಳೆಯರನ್ನು 2012ರಲ್ಲಿ. ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬೇ ಮಹಿಳೆಯರಿಗೆ ಬಾಗಿಲು ತೆರೆದದ್ದು 2014ರಲ್ಲಿ, ಹುಟ್ಟಿ 260 ವರ್ಷಗಳಾದ ಮೇಲೆ! ನಮ್ಮ ದೇಶಕ್ಕೆ ಬಂದದ್ದು ಬಯಲಲ್ಲ, ಕ್ಲಬ್ಬು. 1829ರಲ್ಲಿ ಕಲ್ಕತ್ತದಲ್ಲಿ ಸ್ಥಾಪನೆಯಾದದ್ದು ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬು. ಬೆಂಗಳೂರಿನ ಹೈಗ್ರೌಂಡ್ಸ್‌ನದು 1876ರದು. ಹಾಗಿದ್ದೂ ಟಾಮ್ ಮಾರಿಸನಂಥವರು ಇಲ್ಲಿಯೂ ಹುಟ್ಟಿದರು. ಬೆಂಗಳೂರಿನಲ್ಲಿ ಇತರರ ದಾಂಡಿನ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರು ಒಳಹೊಕ್ಕದ್ದು ಸದಸ್ಯರ ಬಾಗಿಲಿನಿಂದಲ್ಲ ಎಂಬುದನ್ನು ಹೇಳದಿದ್ದರೆ ಕತೆ ಅರ್ಧವಾಗುತ್ತದೆ.

ಸೇಂಟ್ ಆಂಡ್ರೂಸ್‌ನ ಬಯಲು 1974ರ ಇನ್ನೊಂದು ಶಾಸನದಿಂದ ಒಂದು ಸಾರ್ವಜನಿಕ ನ್ಯಾಸದ ಆಡಳಿತಕ್ಕೆ ಬಂತು. ಸ್ಥಳೀಯ ಆಡಳಿತಗಳ ಪುನಾರಚನೆಯಲ್ಲಿ ಹಳೆಯ ಪುರಸಭೆ ಇಲ್ಲವಾಗಲಿದ್ದುದರಿಂದ ಈ ಏರ್ಪಾಡು. ಹೊರಗಿನವರಿಗೆ ಶುಲ್ಕ ಸಣ್ಣದಲ್ಲ, ಊರಿನವರಿಗೆ ರಿಯಾಯಿತಿ ಉಂಟು. ಕ್ಲಬ್ಬಿನ ಸದಸ್ಯತ್ವ ಯಾರಿಗೂ ಬೇಕಿಲ್ಲ. ಆಡಬಯಸುವವರು ಹೆಸರು ಕೊಟ್ಟು ಚೀಟಿ ಎತ್ತುವವರೆಗೆ ಕಾಯುತ್ತಾರೆ. ಭಾನುವಾರ, ದೊಡ್ಡ ಸ್ಪರ್ಧೆಗಳಿರುವ ವಾರಗಳನ್ನು ಬಿಟ್ಟರೆ, ಹಳೆಯ ಅಂಗಣದಲ್ಲಿ ಆಟವಿಲ್ಲ. ಅಂದು ಊರಿನವರು ನಾಯಿಗಳನ್ನು ಕರೆದುಕೊಂಡು, ಮಕ್ಕಳನ್ನು ಕರೆದುಕೊಂಡು ಅದರ ಮೇಲೆಯೇ ತಿರುಗಾಡಿ, ಸ್ವಿಲ್ಕನ್ ತೊರೆಯ ಹಳೆಯ ಕಲ್ಲುಸೇತುವೆ ದಾಟಿ ಮನೆಗೆ ಹೋಗುತ್ತಾರೆ.