ಅಂಗವಿಭಜನೆಯ ಕಲೆ: ತೊಗಲುಗೊಂಬೆ ಮತ್ತು ಗಣಕ ಆನಿಮೇಷನ್

ಚಿತ್ರಿಸಿದ ಪಾತ್ರವೊಂದು ಚಲಿಸಬೇಕಾದರೆ ಅದನ್ನು ಮತ್ತೆ ಮತ್ತೆ ಬರೆಯಬೇಕು. ಇಲ್ಲವೇ ಒಮ್ಮೆ ಬರೆದುದನ್ನು ಅಂಗಾಂಗಗಳಾಗಿ ಬಿಡಿಸಿ ಕೀಲುಗೂಡಿಸಬೇಕು. ಎರಡನೆಯ ಕ್ರಮವು ಇಂದು ದ್ವಿಆಯಾಮದ ಗಣಕ ಆನಿಮೇಷನ್ನಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಇದು ಗಣಕಯಂತ್ರದ್ದೇ ಕೊಡುಗೆಯೆಂದು ಭಾವಿಸುವವರುಂಟು. ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಜರ್ಮನಿಯ ಲೊಟ್ಟೆ ರೈನಿಗರ್ 1923ರಿಂದ 1926ರವರೆಗೆ ದುಡಿದು ರಾಜಕುಮಾರ ಅಹಮದನ ಸಾಹಸಗಳನ್ನು ಕುರಿತ ನೆರಳುಚಿತ್ರವನ್ನು ಸಿದ್ಧಪಡಿಸಿದರು. ಇಂದು ಉಳಿದಿರುವ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ಕಪ್ಪು ರಟ್ಟು ಮತ್ತು ತೆಳುವಾದ ಸೀಸದ ತಗಡಿನಿಂದ ಮಾಡಿದ ಬಿಡಿ ಅಂಗಗಳನ್ನು ತಂತಿಯಿಂದ ಕೀಲುಗೂಡಿಸಿ, ಕೆಳಗಿನಿಂದ ಬೆಳಕು ಹಾಯುವ ಗಾಜಿನ ಮೇಜಿನ ಮೇಲೆ ಒಂದಿಷ್ಟೊಂದಿಷ್ಟೇ ಸರಿಸುತ್ತ ಚಿತ್ರೀಕರಿಸಲಾಯಿತು. ಕಾಗದದಿಂದ ಗಣಕಕ್ಕೆ ದಾಟಿದ ಹೆಜ್ಜೆಯಂತೂ ಸ್ಪಷ್ಟವಾಗಿಯೇ ಕಾಣುತ್ತದೆ. ಅಮೆರಿಕದ ‘ಸೌತ್ ಪಾರ್ಕ್’ ಸರಣಿಯ 1997ರ ಮೊದಲ ಕಂತು ಬಣ್ಣದ ಕಾಗದದ ತುಂಡುಗಳಿಂದ ತಯಾರಾದದ್ದು; ಮುಂದಿನ ಕಂತುಗಳಲ್ಲಿ ಅದೇ ಕಾಗದದ ನೋಟವನ್ನು ಗಣಕದಲ್ಲಿ ಮೂಡಿಸಲಾಯಿತು.

ಪಾತ್ರವನ್ನು ಬಿಡಿಸುವುದೆಂದರೆ ಚಿತ್ರವನ್ನು ಕತ್ತರಿಸುವುದಷ್ಟೇ ಅಲ್ಲ. ಎದೆಯ ಮೇಲಿರುವ ತೋಳನ್ನು ಎತ್ತಿದೊಡನೆ ಅಲ್ಲೊಂದು ಬರಿದಾದ ಜಾಗ ಉಳಿಯುತ್ತದೆ. ತೋಳಿನ ಮರೆಯಲ್ಲಿದ್ದಿರಬೇಕಾದ ಹಾರ, ಅಂಗಿ, ನೆರಿಗೆಗಳನ್ನು ಕಲಾವಿದ ಹೊಸದಾಗಿ ಬರೆದು ತುಂಬಬೇಕು. ಮೇಲ್ದೋಳು ಮುಂದೋಳುಗಳ ತುದಿಗಳನ್ನು ದುಂಡಗಾಗಿಸಿ, ಒಂದರ ಮೇಲೊಂದು ಹಾಯುವಂತೆ ಇರಿಸಿ, ಆ ದುಂಡಿನ ನಡುವೆಯೇ ತಿರುಗುಬಿಂದುವನ್ನು ನಿಲ್ಲಿಸಬೇಕು. ಬಿಂದು ತುಸು ಜಾರಿದರೂ ಮೊಣಕೈ ಮುರಿದಂತೆ ತೋರುತ್ತದೆ. ಕಣ್ಣುಗುಡ್ಡೆ, ರೆಪ್ಪೆ, ಹುಬ್ಬುಗಳಿಗೆ ಪ್ರತ್ಯೇಕ ಪದರಗಳು ಬೇಕು. ಬಾಯಿಯ ವಿಷಯ ಬೇರೆ. ಅದನ್ನು ತಿರುಗಿಸುವುದಿಲ್ಲ, ಉಚ್ಚಾರಣೆಗೆ ತಕ್ಕ ಹಲವು ಬಾಯಿಗಳನ್ನು ಬರೆದಿಟ್ಟುಕೊಂಡು ಬದಲಿಸುತ್ತಾರೆ. ಹೀಗೆ ಕೀಲು ಮತ್ತು ಬದಲಿ ಎಂಬ ಎರಡು ತತ್ತ್ವಗಳು ಇಲ್ಲಿ ಕೂಡಿಕೊಂಡಿವೆ.

ಇವೆರಡೂ ನಮ್ಮ ತೊಗಲುಗೊಂಬೆಯವರಿಗೆ ಪರಿಚಿತವಾದವುಗಳೇ. ನಮ್ಮ ಆಟಕ್ಕೂ ರೈನಿಗರ್ ಕೃತಿಗೂ ನೇರ ಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ. ಒಂದೇ ಸಮಸ್ಯೆಗೆ ದೊರೆತ ಉತ್ತರಗಳ ಸಾಮ್ಯವಷ್ಟೇ ಇಲ್ಲಿ ಮುಖ್ಯ. ಆಂಧ್ರದ ತೋಲುಬೊಮ್ಮಲಾಟದ ದೊಡ್ಡ ಗೊಂಬೆಗಳಲ್ಲಿ ಕೈಕಾಲುಗಳು ಬಿಡಿಯಾಗಿದ್ದು, ದಾರದ ಗಂಟಿನಿಂದ ಕೂಡಿರುತ್ತವೆ. ಕರ್ನಾಟಕದ ಶಿಳ್ಳೇಕ್ಯಾತ ಕಲಾವಿದರ ಗೊಂಬೆಗಳಲ್ಲಿ ಕೀಲುಗಳು ಕಡಿಮೆ. ರಥ, ಕುದುರೆ, ಸಾರಥಿ, ಯೋಧ ಎಲ್ಲವನ್ನೂ ಒಂದೇ ತೊಗಲಿನಲ್ಲಿ ಕೊರೆದ ಸಂಯುಕ್ತ ಗೊಂಬೆಗಳು ಇಲ್ಲಿನ ವೈಶಿಷ್ಟ್ಯ. ಸನ್ನಿವೇಶ ಬದಲಾದಾಗ ಅನೇಕ ವೇಳೆ ಗೊಂಬೆಯೇ ಬದಲಾಗುತ್ತದೆ. ಒಂದೇ ಪಾತ್ರಕ್ಕೆ ಬೇರೆ ಬೇರೆ ಭಂಗಿಯ ಗೊಂಬೆಗಳಿರುತ್ತವೆ. ಇದನ್ನು ಕೌಶಲದ ಕೊರತೆಯೆಂದು ಬಗೆಯುವುದು ಸರಿಯಲ್ಲ. ಇದು ಬದಲಿಯ ತತ್ತ್ವವನ್ನು ಆಯ್ದುಕೊಂಡ ಪರಂಪರೆ.

ಈ ಭೇದವನ್ನು ಮರೆತಾಗ ಆಗುವ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯ ಸಂಯುಕ್ತ ಗೊಂಬೆಯೊಂದರ ಛಾಯಾಚಿತ್ರವನ್ನು ಮಕ್ಕಳ ಚಿತ್ರವೊಂದಕ್ಕಾಗಿ ಪದರಗಳಾಗಿ ಬಿಡಿಸಿದ್ದರು. ಯೋಧನ ತೋಳು ಲೀಲಾಜಾಲವಾಗಿ ಆಡುತ್ತಿತ್ತು. ಆದರೆ ಅದರ ಹಿಂದಿನ ಎದೆ, ಕವಚ, ಉಳಿಯಿಂದ ಕೊರೆದಂತೆ ಕಾಣುತ್ತಿದ್ದ ರಂಧ್ರಸಾಲುಗಳು ಗೊಂಬೆ ಕೊರೆದವನವಲ್ಲ, ಗಣಕದ ಮುಂದೆ ಕುಳಿತ ತರುಣನವು. ಅವನದು ತಪ್ಪೇನಲ್ಲ, ಮೂಲದಲ್ಲಿ ಇಲ್ಲದ್ದನ್ನು ಅವನು ಎಲ್ಲಿಂದ ತರಬೇಕು? ತೊಡಕಾದದ್ದು ಮುಂದೆ. ಹೀಗೆ ತುಂಬಿಸಿದ ಚಿತ್ರವೇ ಮೂಲಗೊಂಬೆಯ ದಾಖಲೆಯೆಂದು ಸಂಗ್ರಹ ಸೇರಿತು. ನಾಳೆ ರಂಧ್ರವಿನ್ಯಾಸಗಳನ್ನು ಅಭ್ಯಸಿಸುವ ಸಂಶೋಧಕ ಇದನ್ನೇ ಆಧಾರವಾಗಿ ಹಿಡಿಯಬಹುದು.

ಆದ್ದರಿಂದ ಗೊಂಬೆಯ ಎರಡೂ ಬದಿಯ ಅಖಂಡ ಚಿತ್ರಗಳನ್ನು, ದೀಪದ ಮುಂದೆ ಹಿಡಿದು ತೆಗೆದ ಚಿತ್ರವನ್ನು ಮೊದಲು ಪ್ರತ್ಯೇಕವಾಗಿ ಕಾದಿರಿಸಬೇಕು. ಬಿಡಿಸುವ ಕೆಲಸ ಅದರ ಪ್ರತಿಯ ಮೇಲೆ ನಡೆಯಲಿ. ಹೊಸದಾಗಿ ಬರೆದ ಭಾಗ ಬೇರೆಯೇ ಪದರದಲ್ಲಿದ್ದು, ಆ ಪದರದ ಹೆಸರಿನಲ್ಲಿಯೇ ಅದು ಪೂರಣವೆಂದು ನಮೂದಾಗಿರಲಿ. ಯಾವ ಕೀಲು ಮೂಲದ್ದು, ಯಾವುದು ನಂತರ ಕಲ್ಪಿಸಿದ್ದು ಎಂಬುದನ್ನು ಗೊಂಬೆಯಾಡಿಸುವ ಕುಟುಂಬದ ಹಿರಿಯರೊಡನೆ ಕುಳಿತು ಗುರುತಿಸಬೇಕು.