ಇಂಗ್ಲಿಷಿನ ಕಷ್ಟವಾಚಕ ಪದಗಳು: ಅರ್ಥದ ನೆಲೆ ಮತ್ತು ಬಳಕೆ

ಡಿಫಿಕಲ್ಟಿ, ಟ್ರಬಲ್, ಹಾರ್ಡ್‌ಶಿಪ್, ಡಿಸ್ಟ್ರೆಸ್, ಆಂಗ್ವಿಶ್ ಮೊದಲಾದ ಇಂಗ್ಲಿಷ್ ಪದಗಳನ್ನು ಸಮಾನಾರ್ಥಕ ಕೋಶಗಳು ಅಕ್ಕಪಕ್ಕದಲ್ಲೇ ಕೂರಿಸುತ್ತವೆ. ಅವುಗಳನ್ನು ಹಗುರದಿಂದ ಭಾರಕ್ಕೆ ಏರುವ ಮೆಟ್ಟಿಲುಗಳೆಂದು ಓದುವ ರೂಢಿಯೂ ಇದೆ. ಬಳಕೆಯನ್ನು ಗಮನಿಸಿದರೆ ಈ ಓದು ನಿಲ್ಲುವುದಿಲ್ಲ. ಕಷ್ಟ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದೇ ಈ ಪದಗಳನ್ನು ಹೆಚ್ಚು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಸಮೀಪಾರ್ಥಕ ಪದಗಳ ವಿವೇಚನೆ ಇಂಗ್ಲಿಷಿಗೆ ಹೊಸದಲ್ಲ. ಹೆಸ್ಟರ್ ಪಿಯೋಟ್ಸಿಯ ‘ಬ್ರಿಟಿಷ್ ಸಿನಾನಿಮಿ’ 1794ರಲ್ಲೂ ಜಾರ್ಜ್ ಕ್ರ್ಯಾಬ್‌ನ ಸಮಾನಾರ್ಥಕ ಕೋಶ 1816ರಲ್ಲೂ ಹೊರಬಂದವು.

ಡಿಫಿಕಲ್ಟಿ ಕೆಲಸಕ್ಕೆ ಅಂಟಿದ ಪದ. ಸುಲಭ ಎಂಬರ್ಥದ ಲ್ಯಾಟಿನ್ ‘ಫಾಕಿಲಿಸ್’ನ ನಿಷೇಧದಿಂದ ಅದು ಹುಟ್ಟಿದೆ. ಗಣಿತದ ಲೆಕ್ಕವೊಂದರಲ್ಲಿ ಡಿಫಿಕಲ್ಟಿ ಇರಬಹುದು, ಡಿಸ್ಟ್ರೆಸ್ ಇರಲಾರದು. ಅದನ್ನು ಬಿಡಿಸಲು ಕುಳಿತ ವಿದ್ಯಾರ್ಥಿಯ ಪಾಡು ಬೇರೆ ಮಾತು. ಟ್ರಬಲ್‌ನ ಮೂಲದಲ್ಲಿ ಗದ್ದಲ, ಕಲಕುವಿಕೆಯ ಅರ್ಥವಿದೆ. ಹಾಗಾಗಿ ಅದು ಒಂದೆಡೆ ನಿಲ್ಲದ ಪದ: ಯಂತ್ರ ಟ್ರಬಲ್ ಕೊಡುತ್ತದೆ, ತಪ್ಪು ಮಾಡಿದವನು ಟ್ರಬಲ್‌ನಲ್ಲಿ ಸಿಕ್ಕಿಕೊಳ್ಳುತ್ತಾನೆ, ಉಪಕಾರಿಯಾದವನು ಇನ್ನೊಬ್ಬರಿಗಾಗಿ ಟ್ರಬಲ್ ತೆಗೆದುಕೊಳ್ಳುತ್ತಾನೆ. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ನಡೆದ, ಸುಮಾರು 3,500 ಜನರನ್ನು ಬಲಿ ಪಡೆದ ಸಂಘರ್ಷಕ್ಕೂ ‘ಟ್ರಬಲ್ಸ್’ ಎಂದೇ ಹೆಸರು. ಪದದ ತೂಕ ಮತ್ತು ಘಟನೆಯ ತೂಕ ಇಷ್ಟು ದೂರ ಸರಿದ ಉದಾಹರಣೆ ಅಪರೂಪ.

ಹಾರ್ಡ್‌ಶಿಪ್ ಬಾಳಿನ ಪರಿಸ್ಥಿತಿಗೆ ಸಂಬಂಧಿಸಿದ್ದು. ಕೊರತೆ ಮತ್ತು ದೀರ್ಘಕಾಲ ಎರಡನ್ನೂ ಅದು ಸೂಚಿಸುತ್ತದೆ. ಹಣವಿಲ್ಲದ ವರ್ಷಗಳು ಹಾರ್ಡ್‌ಶಿಪ್. ಒಂದು ಸಂಜೆ ಬಸ್ ತಪ್ಪಿದ್ದಲ್ಲ. ಅಮೆರಿಕದ 1990ರ ಅಂಗವಿಕಲರ ಕಾಯಿದೆ ಅಂಗವಿಕಲರಿಗೆ ಅನುಕೂಲ ಕಲ್ಪಿಸುವ ಹೊಣೆಯಿಂದ ಉದ್ಯೋಗದಾತರಿಗೆ ‘ಅನ್‌ಡ್ಯೂ ಹಾರ್ಡ್‌ಶಿಪ್’ ಎಂಬ ವಿನಾಯಿತಿ ನೀಡಿ, ಗಣನೀಯ ಡಿಫಿಕಲ್ಟಿ ಅಥವಾ ವೆಚ್ಚ ಬೇಡುವ ಕ್ರಮ ಎಂದು ಅದನ್ನು ವಿವರಿಸುತ್ತದೆ. ಸಂಸ್ಥೆಗೆ ಮನಸ್ಸೆಂಬುದೇ ಇಲ್ಲವಾದ್ದರಿಂದ ಕಾನೂನು ಇಲ್ಲಿ ವ್ಯಥೆಯನ್ನು ಬಿಟ್ಟು ಹೊರೆಯನ್ನಷ್ಟೇ ಅಳೆಯುತ್ತದೆ. ಅಡ್ವರ್ಸಿಟಿ ಎಂದರೆ ಪ್ರತಿಕೂಲ ಕಾಲ. ಗ್ರಂಥಭಾಷೆಯ ಈ ಪದ ಮಾತಿನಲ್ಲಿ ಕಡಿಮೆ.

ಈ ಗುಂಪಿನಲ್ಲಿ ಅತ್ಯಂತ ಸಂಕೀರ್ಣವಾದದ್ದು ಡಿಸ್ಟ್ರೆಸ್. ಹಳೆಯ ಫ್ರೆಂಚ್ ಮೂಲಕ ಬಂದ ಇದರ ಲ್ಯಾಟಿನ್ ಧಾತುವಿಗೆ ಎಳೆದು ಬಿಗಿಯುವ ಅರ್ಥವಿದೆ. ಇಂಗ್ಲಿಷ್ ಕಾನೂನಿನಲ್ಲಿ ಬಾಡಿಗೆ ಬಾಕಿಗಾಗಿ ಮಾಲೀಕ ಒಕ್ಕಲಿನ ಸರಕನ್ನು ಜಪ್ತಿ ಮಾಡುವುದಕ್ಕೇ ಡಿಸ್ಟ್ರೆಸ್ ಎಂದು ಹೆಸರಿತ್ತು. 1267ರ ಮಾರ್ಲ್‌ಬರೋ ಶಾಸನ ಅದಕ್ಕೆ ಕಟ್ಟುಪಾಡು ವಿಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಪದ್ಧತಿ ರದ್ದಾದದ್ದು 2014ರಲ್ಲಿ. ಸ್ಟ್ರೆಸ್ ಎಂಬ ಪದ ಕೂಡ ಭಾಗಶಃ ಇದರ ಸಂಕ್ಷಿಪ್ತ ರೂಪ. ಒತ್ತಡದ ಸಂಶೋಧಕ ಹ್ಯಾನ್ಸ್ ಸೆಲ್ಯೆ 1974ರಲ್ಲಿ ‘ಸ್ಟ್ರೆಸ್ ವಿದೌಟ್ ಡಿಸ್ಟ್ರೆಸ್’ ಎಂಬ ಪುಸ್ತಕ ಬರೆದಾಗ ಒಂದೇ ಮೂಲದ ಎರಡು ಪದಗಳು ಎದುರುಬದುರಾಗಿ ನಿಂತವು.

ವೈದ್ಯರ ಭಾಷೆಯಲ್ಲಿ ಉಸಿರಾಟದ ಡಿಫಿಕಲ್ಟಿ ಬಹುಮಟ್ಟಿಗೆ ರೋಗಿ ಹೇಳಿಕೊಳ್ಳುವ ದೂರು. ಉಸಿರಾಟದ ಡಿಸ್ಟ್ರೆಸ್ ವೈದ್ಯರ ಕಣ್ಣಿಗೆ ಬೀಳುವ ಸ್ಥಿತಿ: ಏದುಸಿರು, ಅರಳುವ ಮೂಗಿನ ಹೊಳ್ಳೆ, ಒಳಕ್ಕೆ ಸೆಳೆದುಕೊಳ್ಳುವ ಪಕ್ಕೆಲುಬುಗಳ ನಡುವಿನ ಭಾಗ. ನೌಕಾಯಾನ ಮತ್ತು ವಿಮಾನಯಾನದಲ್ಲಿ ಗೆರೆ ಇನ್ನೂ ಖಚಿತ. ಅಲ್ಲಿ ಡಿಸ್ಟ್ರೆಸ್ ಎಂದರೆ ತಕ್ಷಣದ ನೆರವು ಬೇಕಾದ, ಎದುರಿಗೇ ಬಂದ ಗಂಭೀರ ಅಪಾಯ. ಅದರ ಕರೆ ‘ಮೇಡೇ’. ಅದಕ್ಕಿಂತ ಕೆಳಗಿನ ತುರ್ತಿಗೆ ‘ಪ್ಯಾನ್-ಪ್ಯಾನ್’. 1990ರ ಜನವರಿ 25ರಂದು ನ್ಯೂಯಾರ್ಕ್ ಸಮೀಪಿಸುತ್ತಿದ್ದ ಏವಿಯಾಂಕಾ 52 ವಿಮಾನದ ಸಿಬ್ಬಂದಿ ಇಂಧನ ಮುಗಿಯುತ್ತಿದೆ ಎಂದರು, ಆದ್ಯತೆ ಕೇಳಿದರು. ನಿಯಮ ಬಯಸುವ ತುರ್ತುಸ್ಥಿತಿಯ ಪದವನ್ನು ಮಾತ್ರ ಉಚ್ಚರಿಸಲಿಲ್ಲ. ವಿಮಾನ ಬಿದ್ದು 158 ಜನರಲ್ಲಿ 73 ಮಂದಿ ಸತ್ತರು.

ಆಂಗ್ವಿಶ್ ಪೂರ್ಣವಾಗಿ ಒಳಗಿನದು. ಇಕ್ಕಟ್ಟು ಎಂಬರ್ಥದ ಲ್ಯಾಟಿನ್ ‘ಅಂಗುಸ್ತಿಯಾ’ದಿಂದ ಬಂದ ಇದಕ್ಕೆ ಆಂಗ್ಸೈಟಿ, ಆಂಜೈನಾ ಹತ್ತಿರದ ಬಂಧುಗಳು. ಕನ್ನಡದ ಸಂಕಟಕ್ಕೂ ಸಂಸ್ಕೃತದಲ್ಲಿ ಇಕ್ಕಟ್ಟು ಎಂಬ ಅರ್ಥವೇ ಇರುವುದರಿಂದ ಅನುವಾದಕರಿಗೆ ಈ ಜೋಡಿ ಸಲೀಸು. ಮಿಸರಿಯಲ್ಲಿ ಒಳಗಿನ ವ್ಯಥೆ, ಹೊರಗಿನ ದೈನ್ಯ ಎರಡೂ ಬೆರೆತಿವೆ.

ಪ್ಲೈಟ್ ನೋಡುಗರ ಪದ. ನಿರಾಶ್ರಿತರ ಪ್ಲೈಟ್ ಎಂದು ಪತ್ರಿಕೆ ಬರೆಯುತ್ತದೆ. ತನ್ನ ಬಗ್ಗೆ ಹಾಗೆನ್ನುವವರು ವಿರಳ. ಪ್ರಿಡಿಕಮೆಂಟ್ ಮೊದಲು ಅರಿಸ್ಟಾಟಲ್‌ನ ಹತ್ತು ಪದಾರ್ಥವರ್ಗಗಳಿಗೆ ಲ್ಯಾಟಿನ್ ತರ್ಕಶಾಸ್ತ್ರ ಕೊಟ್ಟ ಹೆಸರು. ವರ್ಗದಿಂದ ಸ್ಥಿತಿಗೆ, ಸ್ಥಿತಿಯಿಂದ ಪೇಚಿನ ಸ್ಥಿತಿಗೆ ಅದು ಜಾರಿತು. ಡೈಲೆಮಾ ಸಹ ತರ್ಕಶಾಸ್ತ್ರದ್ದೇ. ಒಪ್ಪಲಾಗದ ಎರಡು ದಾರಿಗಳಿದ್ದಾಗಷ್ಟೇ ಅದು ಸಲ್ಲುತ್ತದೆ; ಯಾವುದೇ ತೊಡಕಿಗೂ ಡೈಲೆಮಾ ಎನ್ನುವ ಇಂದಿನ ಸಡಿಲ ಬಳಕೆಯನ್ನು ಇಂಗ್ಲಿಷ್ ಶೈಲಿ ಕೈಪಿಡಿಗಳು ಆಕ್ಷೇಪಿಸುತ್ತ ಬಂದಿವೆ, ಹೆಚ್ಚಿನ ಫಲವಿಲ್ಲದೆ.