ತಾತನ ಎಡಗೈ ಮತ್ತು ಜೆ.ಸಿ. ರಸ್ತೆ

ಚಿಕ್ಕಪ್ಪನ ಕಾರಿನ ಸೀಟಿನ ಅಡಿಯಿಂದ ಬರ್ ಬರ್ ಎಂಬ ಸದ್ದು ಶುರುವಾದದ್ದು ಹೋದ ಮಳೆಗಾಲದಲ್ಲಿ. ಸೆಕೆಂಡ್ ಹ್ಯಾಂಡಿಗೆ ಕೊಂಡ ದೊಡ್ಡ ಜರ್ಮನ್ ಕಾರು. ಅದರಲ್ಲಿ ಸಬ್‌ವೂಫರ್ ಇರುವುದು ಡಿಕ್ಕಿಯಲ್ಲಲ್ಲ, ಮುಂದಿನ ಸೀಟಿನ ಕೆಳಗೆ. ಅದರ ಅಂಚಿನ ಪದರ ಹರಿದಿತ್ತು. ಬೇರೆಯವರಾಗಿದ್ದರೆ ಸದ್ದು ತಗ್ಗಿಸಿಕೊಂಡು ಸುಮ್ಮನಿರುತ್ತಿದ್ದರೇನೋ. ಚಿಕ್ಕಪ್ಪನಿಗೆ ಅದು ಸಾಧ್ಯವಿರಲಿಲ್ಲ. ಬಸವನಗುಡಿಯ ಹಳೆಯ ಮನೆ ಕೆಡವಿ ನಾಲ್ಕು ಮಹಡಿಯ ಫ್ಲ್ಯಾಟುಗಳಾದ ಮೇಲೆ ಅವರಿಗೆ ಗಟ್ಟಿಯಾಗಿ ಸಂಗೀತ ಕೇಳಲು ಉಳಿದಿರುವ ಒಂದೇ ಕೋಣೆ ಆ ಕಾರು. ಅದರಲ್ಲಿ ಅವರು ಕೇಳುವುದು ಮುಖ್ಯವಾಗಿ ಒಂದೇ ವಸ್ತುವನ್ನು: 80ರ ದಶಕದಲ್ಲಿ ತಾವೇ ಕ್ಯಾಸೆಟ್ಟಿಗೆ ಹಿಡಿದು, ಈಗ ಪೆನ್‌ಡ್ರೈವಿಗೆ ಹಾಕಿಸಿಕೊಂಡಿರುವ ತಾತನ ಮೃದಂಗ.

ತಾತ ಹೆಸರಾಂತ ವಿದ್ವಾಂಸರಲ್ಲ. ಹಗಲು ಗುಮಾಸ್ತೆ, ಸಂಜೆ ಪಕ್ಕವಾದ್ಯ. ರಾಮೋತ್ಸವದ ಚಿಕ್ಕ ಪೆಂಡಾಲುಗಳಲ್ಲಿ, ಮದುವೆ ಮನೆಗಳಲ್ಲಿ ನುಡಿಸಿದವರು. ಆ ಕ್ಯಾಸೆಟ್ಟುಗಳನ್ನು ಬಿಟ್ಟರೆ ಅವರ ಕೈಯ ಗುರುತು ಬೇರೆಲ್ಲೂ ಇಲ್ಲ.

ಹೀಗಾಗಿ ನಾವಿಬ್ಬರೂ ಒಂದು ಶನಿವಾರ ಜೆ.ಸಿ. ರಸ್ತೆಗೆ ಹೋದೆವು. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಸಾಗುವ ಈ ರಸ್ತೆಯಲ್ಲಿ ಕಾರಿಗೆ ಬೇಕಾದದ್ದೆಲ್ಲ ಸಿಗುತ್ತದೆ: ಸೀಟ್ ಕವರು, ಹಾರ್ನು, ಕನ್ನಡಿ, ಸ್ಪೀಕರು. ಸಂಗೀತದ ಶ್ರವಣದ ಚರಿತ್ರೆಯನ್ನು ಓದುತ್ತಿರುವ ನನಗೆ ಆ ರಸ್ತೆಯ ಪೂರ್ತಿ ಹೆಸರು ಅವತ್ತು ಹೊಸದಾಗಿ ಕಂಡಿತು. ಜಯಚಾಮರಾಜೇಂದ್ರ ರಸ್ತೆ. ಸ್ಪೀಕರ್ ಅಂಗಡಿಗಳಿಗೆ ಇದಕ್ಕಿಂತ ತಕ್ಕ ವಿಳಾಸ ಸಿಗಲಾರದು.

ಜಯಚಾಮರಾಜ ಒಡೆಯರ್ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ನಮಗೆ ಗೊತ್ತು. ಅವರು ಧ್ವನಿಮುದ್ರಿಕೆಗಳ ದೊಡ್ಡ ಸಂಗ್ರಾಹಕರೂ ಆಗಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಮೂಲೆಗುಂಪಾಗಿದ್ದಾಗ, ಆತನ ಕೃತಿಗಳ ಮುದ್ರಣಕ್ಕಾಗಿ ಒಂದು ಸೊಸೈಟಿ ಕಟ್ಟಿ ಹಣ ಒದಗಿಸಿದವರು ಮೈಸೂರಿನ ಈ ದೊರೆ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದಾಗಲೂ ಕಾರ್ಯಕ್ರಮಕ್ಕೆ ಗ್ಯಾರಂಟಿ ಹಣ ಕೊಟ್ಟವರು ಅವರೇ. ಅದರ ಮುದ್ರಣ ತಮ್ಮ ಸಂಗ್ರಹಕ್ಕೆ ಬರಲಿ ಎಂಬುದು ಆಸೆ. ಆಗ ಆ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಹೇಳುತ್ತಾರೆ.

ಆದರೆ ಆ ಕಾಲದವರೆಗಿನ ರೆಕಾರ್ಡುಗಳಿಗೆ ಒಂದು ಊನವಿತ್ತು. 1925ರ ತನಕ ಮುದ್ರಣವೆಂದರೆ ಕೊಳವೆಯ ಬಾಯಿಗೆ ಹಾಡುವುದು. ಗಾಳಿಯ ಒತ್ತಡವೇ ಸೂಜಿಯನ್ನು ತಳ್ಳಬೇಕು. ಕೆಳಗಿನ ನಾದಗಳು ಅದಕ್ಕೆ ಹಿಡಿಯುತ್ತಲೇ ಇರಲಿಲ್ಲ. 1902ರಲ್ಲಿ ಭಾರತದ ಮೊದಮೊದಲ ಮುದ್ರಿಕೆಗಳಿಗೆ ಹಾಡಿ, 1930ರಲ್ಲಿ ಮೈಸೂರಿನಲ್ಲಿ ಕಣ್ಣುಮುಚ್ಚಿದ ಗೌಹರ್ ಜಾನ್ ಅವರ ಕಂಠ ಇವತ್ತಿಗೂ ಕೇಳಿಸುತ್ತದೆ. ಪಕ್ಕದಲ್ಲಿ ಕೂತ ತಬಲದವರ ಎಡಗೈಯನ್ನು ನಾವು ಊಹಿಸಿಕೊಳ್ಳಬೇಕು. ಮೈಕು, ವಿದ್ಯುತ್ ಮುದ್ರಣ, ರೈಸ್ ಮತ್ತು ಕೆಲಾಗ್ ರೂಪಿಸಿದ ಸುರುಳಿ ಸ್ಪೀಕರು, ಇವೆಲ್ಲ ಒಟ್ಟಿಗೆ ಬಂದದ್ದು 1925ರ ಆಸುಪಾಸಿನಲ್ಲಿ. ಆಮೇಲೂ ಕೆಳನಾದ ಇಂಚಿಂಚಾಗಿ ಒಳಬಂದಿತೇ ಹೊರತು ಒಮ್ಮೆಗೇ ಅಲ್ಲ. ನಾವು 'ಧ್ವನಿಮುದ್ರಣದ ಚರಿತ್ರೆ' ಎಂದು ಓದುವುದು ಬಹುಪಾಲು ಕಂಠದ, ಬಲಗೈಯ ಚರಿತ್ರೆ. ಎಡಗೈ ತಡವಾಗಿ ಬಂದ ನೆಂಟ.

ಮೃದಂಗದ ಎಡಗೈ ಎಂದರೇನು ಎಂಬುದನ್ನು ಇಲ್ಲಿ ಹೇಳಬೇಕು. ಬಲಮುಖದ ನಡುವೆ ಕರಣೆಯ ಕಪ್ಪು ಪದರ ಶಾಶ್ವತವಾಗಿ ಕೂತಿರುತ್ತದೆ. ಎಡಮುಖ ಹಾಗಲ್ಲ. ಕಚೇರಿಗೆ ಮೊದಲು ನೀರಲ್ಲಿ ಕಲಸಿದ ರವೆಯ ಮುದ್ದೆಯನ್ನು ಅದರ ನಡುವೆ ಮೆತ್ತುತ್ತಾರೆ. ತೂಕ ಹೆಚ್ಚಿದಷ್ಟೂ ನಾದ ಕೆಳಗಿಳಿಯುತ್ತದೆ. ತಟ್ಟಿ ನೋಡಿ ಒಂದು ಚಿಟಿಕೆ ತೆಗೆಯುವುದು, ಇನ್ನೊಂದು ಚಿಟಿಕೆ ಹಾಕುವುದು. ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುವುದು. ಬಾರಿಸುತ್ತ ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಜಾರಿಸಿದರೆ ನಾದ ಕೆಳಗಿಂದ ಮೇಲಕ್ಕೆ ತೇಲುತ್ತದೆ. ಅದೇ ಗುಮ್ಕಿ. ತಾತ ನುಡಿಸುವಾಗ ಅಡುಗೆಮನೆಯಿಂದ ಅಜ್ಜಿ ರವೆ ತಂದುಕೊಡುತ್ತಿದ್ದರಂತೆ. ಉಪ್ಪಿಟ್ಟಿನ ಡಬ್ಬಿಯದೇ.

ಈ ಚರ್ಮದ ಭೌತಶಾಸ್ತ್ರ ಬರೆದವರೂ ನಮ್ಮ ಊರಿನವರೇ ಆಗಿಹೋದರು. ಸರ್ ಸಿ.ವಿ. ರಾಮನ್ 1920ರಲ್ಲೇ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದು, ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಕುರಿತು ಲೇಖನ ಪ್ರಕಟಿಸಿದರು. ಮುಂದೆ ಮಲ್ಲೇಶ್ವರದ 'ಪಂಚವಟಿ' ಅವರ ಮನೆಯಾಯಿತು. ಅವರು ತೋರಿಸಿದ್ದು ಸರಳ: ಸಾಮಾನ್ಯ ಡೋಲಿನ ಉಪನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅದು ಬರಿಯ ಸದ್ದು. ನಡುವೆ ಭಾರ ಹೊತ್ತ ನಮ್ಮ ಚರ್ಮದಲ್ಲಿ ಮೊದಲ ಐದು ನಾದಗಳು ತಂತಿವಾದ್ಯದ ಹಾಗೆ ಸಾಲಾಗಿ ಹೊಂದಿಕೊಳ್ಳುತ್ತವೆ. ಸದ್ದು ಸ್ವರವಾಗುವುದು ಬಲದಿಂದಲ್ಲ, ಹೊಂದಿಕೆಯಿಂದ.

ಹೊಂದಿಸುವವನು ಎದುರಿಗೆ ಇರಬೇಕು ಎಂಬುದು ಕಚೇರಿಯ ನಿಯಮವಾಗಿತ್ತು. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ 1939ರಿಂದ ನಡೆದುಬಂದಿರುವ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವಕ್ಕೆ ಹೋದವರಿಗೆ ಇದು ಗೊತ್ತು. ವಿದ್ವಾಂಸರು ವೇದಿಕೆಯಿಂದಲೇ ಮೈಕಿನವನಿಗೆ ಕೈಸನ್ನೆ ಮಾಡುತ್ತಾರೆ: ಇದು ಸ್ವಲ್ಪ ಜಾಸ್ತಿ, ಅದು ಕಡಿಮೆ. ಆ ಸನ್ನೆಯ ಹಿಂದೆ ಒಂದು ಹಳೆಯ ಜಗಳವಿದೆ. ಪಾಲ್ಘಾಟ್ ಮಣಿ ಅಯ್ಯರ್ ಒಂದು ಹಂತದಲ್ಲಿ ಮೈಕ್ ಇರುವ ಕಚೇರಿಗೆ ನುಡಿಸುವುದೇ ಇಲ್ಲವೆಂದು ನಿಂತದ್ದು ಪ್ರಸಿದ್ಧ. ತನ್ನ ಕೈಯ ನಾದವನ್ನು ಇನ್ನೊಬ್ಬನ ಗುಂಡಿಗೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ.

ಕಾರಿನೊಳಗೆ ಆ ಗುಂಡಿ ಕಾರ್ಖಾನೆಯವರ ಕೈಗೆ ಹೋಯಿತು. ಅಮೆರಿಕದ ಗಾಲ್ವಿನ್ ಕಂಪನಿ 1930ರಲ್ಲಿ 'ಮೊಟೊರೊಲಾ' ಹೆಸರಿನಲ್ಲಿ ಕಾರ್ ರೇಡಿಯೊ ತಂದಾಗ ಅದು ಕೊಂಡವನು ಆಮೇಲೆ ಹಾಕಿಸಿಕೊಳ್ಳುವ ಸಾಮಾನು. 1983ರ ಕ್ಯಾಡಿಲಾಕ್ ಸೆವಿಲ್‌ನಂಥ ಕಾರುಗಳಿಗೆ ಬೋಸ್ ಕಂಪನಿ ಆ ಕಾರಿನ ಒಳಾಂಗಣವನ್ನೇ ಅಳೆದು ವ್ಯವಸ್ಥೆ ರೂಪಿಸಿದ ಮೇಲೆ ಆಟ ಬದಲಾಯಿತು. ಶ್ರೀಮಂತರ ಕಾರಿನಲ್ಲಿ ಸಂಗೀತ ಕಾರಿನದೇ ಒಂದು ಅಂಗವಾಯಿತು.

ಆ ಎಂಜಿನಿಯರುಗಳನ್ನು ಹಳಿಯಲಾರೆ. 40 ಹರ್ಟ್ಸ್ ನಾದದ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಕಾರಿನ ಒಳಗು ಅದರ ಅರ್ಧವೂ ಇಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಗಾಳಿ ಒಟ್ಟಾಗಿ ಒತ್ತಿಕೊಳ್ಳುವುದರಿಂದ ಕೆಳನಾದ ತಾನಾಗಿ ಹೆಚ್ಚುತ್ತದೆ. ಹಾಗಾಗಿ ಚಿಕ್ಕ ಸ್ಪೀಕರೂ ಸಾಕು. ಚಿಕ್ಕಪ್ಪನ ಕಾರಿನಲ್ಲಿ ಸಬ್‌ವೂಫರಿಗೆ ಬೇರೆ ಪೆಟ್ಟಿಗೆಯೇ ಇಲ್ಲ. ಬಾಗಿಲ ಕೆಳಗಿನ ಉಕ್ಕಿನ ಪೊಳ್ಳು ತೊಲೆಯೇ ಪೆಟ್ಟಿಗೆ. ತೂಕ ಉಳಿತಾಯ, ಡಿಕ್ಕಿ ಖಾಲಿ. ಜಾಣತನವೇ. ಆದರೆ ಷರತ್ತುಗಳಿವೆ. ಸದ್ದು ಏರಿಸಿದಂತೆ ಆ ಪುಟ್ಟ ಸ್ಪೀಕರ್ ಹರಿಯದಿರಲೆಂದು ಯಂತ್ರ ಕೆಳನಾದವನ್ನು ಗುಟ್ಟಾಗಿ ಕತ್ತರಿಸುತ್ತ ಹೋಗುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ನಿನ ಗುಂಯ್‌ಗುಡುವಿಕೆಯನ್ನು ಅಳಿಸುವ ಪ್ರತಿನಾದವೂ ಅದೇ ಸ್ಪೀಕರುಗಳಿಂದ ಹೊರಡುತ್ತದೆ. ಹೊಸ ಸಬ್‌ವೂಫರ್ ತಂದು ಸಿಕ್ಕಿಸಿದರೆ ಅದಕ್ಕೆ ಸಿಗುವುದು ಈ ಕತ್ತರಿಸಿದ, ಬೆರೆತ ಸಂಕೇತವೇ. ದೊಡ್ಡ ಪಾತ್ರೆ ಕೊಂಡು ಅದೇ ಚಿಕ್ಕ ಸೌಟಿನಲ್ಲಿ ಬಡಿಸಿದ ಹಾಗೆ.

ಅಂಗಡಿಯ ಮೆಕ್ಯಾನಿಕ್ ಇದನ್ನೆಲ್ಲ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. "ಕಂಪನಿ ಪೀಸು ಎರಡು ಓಮ್ ಇದೆ ಸಾರ್. ಇದೇ ಆಂಪ್ಲಿಫೈಯರಿಗೆ ನಾಲ್ಕು ಓಮ್‌ದು ಹಾಕಿದ್ರೆ ಪವರ್ ಅರ್ಧ ಆಗತ್ತೆ. ಹಾಕೋದಾದ್ರೆ ಆಂಪ್ಲಿಫೈಯರು, ಪ್ರಾಸೆಸರು ಎರಡೂ ಹಾಕಿ. ಇಲ್ಲಾಂದ್ರೆ ಹಳೇದೇ ಇರ್ಲಿ." ಚಿಕ್ಕಪ್ಪ ಒಪ್ಪಿದರು. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಅದೇ ಜಾಗಕ್ಕೆ ಕೂರುವ ಹೊಸ ಜೋಡಿಯನ್ನು ಕೂರಿಸಿದರು. ಕಂಪನಿ ಕತ್ತರಿಸಿದ ಸಂಕೇತವನ್ನು ಮತ್ತೆ ಸಮ ಮಾಡುವ ಪ್ರಾಸೆಸರನ್ನು ಡಿಕ್ಕಿಯಲ್ಲಿಟ್ಟರು. ಸಂಜೆಯಾಯಿತು.

ಮೊದಲು ಅಂಗಡಿಯವರದೇ ಹಾಡು ಹಾಕಿದರು. ಎದೆ ಅದುರಿತು. ಎಲ್ಲರೂ ನಕ್ಕೆವು. ಆಮೇಲೆ ಚಿಕ್ಕಪ್ಪ ಪೆನ್‌ಡ್ರೈವ್ ಹಾಕಿದರು. ತನಿ ಆವರ್ತನ. ಬಲಗೈ ಇತ್ತು. ಕೆಳಗೆ ಏನೋ ಗುದ್ದುತ್ತಲೂ ಇತ್ತು. ಗುಮ್ಕಿ ಇರಲಿಲ್ಲ.

"ಅಪ್ಪನ ಕೈಯಲ್ಲ ಇದು" ಅಂದರು ಚಿಕ್ಕಪ್ಪ.

ಮೆಕ್ಯಾನಿಕ್ ವಾದ ಮಾಡಲಿಲ್ಲ. ಇನ್ನೊಮ್ಮೆ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು. "ಇದು ಜಾರೋ ಸೌಂಡಾ ಸಾರ್?" ಅಂದರು. ಹೌದು ಅಂದೆ. ಸೀಟಿನ ಕೆಳಗೆ ಬಗ್ಗಿ ಎರಡು ತಂತಿ ಬಿಚ್ಚಿ, ಅದಲುಬದಲು ಮಾಡಿ ಸಿಕ್ಕಿಸಿದರು. ಅಷ್ಟೇ.

ಕಾರಣ ಇದು. ಎಡಮುಖದ ನಾದ ಇರುವುದು ಸುಮಾರು ನೂರು ಹರ್ಟ್ಸ್ ಸುತ್ತಮುತ್ತ. ಸಬ್‌ವೂಫರ್ ಕೆಲಸ ಬಿಟ್ಟು ಬಾಗಿಲ ಸ್ಪೀಕರ್ ಕೆಲಸ ಹಿಡಿಯುವ ಗಡಿಯೂ ಅಲ್ಲೇ. ಗಡಿಯಲ್ಲಿ ಎರಡೂ ಒಟ್ಟಿಗೆ ನುಡಿಯಬೇಕು. ತಂತಿ ತಿರುಗುಮುರುಗಾಗಿದ್ದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಎರಡೂ ಸೇರಿ ಶೂನ್ಯ. ತೀರ ಕೆಳಗಿನ ಗುದ್ದು ಉಳಿಯುತ್ತದೆ, ನಡುವೆ ಜಾರುವ ಗುಮ್ಕಿ ಮಾಯವಾಗುತ್ತದೆ. ಹೆಚ್ಚು ಶಕ್ತಿ ಕೊಟ್ಟರೆ ಅದು ಬರುವುದಿಲ್ಲ. ಎರಡು ಸ್ಪೀಕರುಗಳು ಕಾಲ ಒಪ್ಪಿಕೊಳ್ಳಬೇಕು. ರವೆಯ ಚಿಟಿಕೆಯನ್ನು ತೆಗೆದು ಹಾಕುವುದಕ್ಕೂ ಈ ತಂತಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಮೆಕ್ಯಾನಿಕ್ ಅವತ್ತು ಮಾಡಿದ್ದು ಶ್ರುತಿ.

ಮೂರನೆಯ ಸಲ ಹಾಕಿದಾಗ ತಾತನ ಅಂಗೈ ಜಾರಿತು. ಚಿಕ್ಕಪ್ಪ ಸ್ಟೀರಿಂಗ್ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೆಳನಾದಕ್ಕೆ ಗೋಡೆಯೆಂದರೆ ಲೆಕ್ಕವಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅದನ್ನು ಅಳೆಯುವುದು 'ಎ' ಮಾಪನದಲ್ಲಿ. ಮೆಲ್ಲನೆಯ ಸದ್ದಿನಲ್ಲಿ ನಮ್ಮ ಕಿವಿ ಕೆಳನಾದಕ್ಕೆ ಮಂದ ಎಂದು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಕಂಡುಕೊಂಡದ್ದರ ಮೇಲೆ ಆ ಮಾಪನ ನಿಂತಿದೆ. ಅದು 50 ಹರ್ಟ್ಸ್ ನಾದದಿಂದ ಸುಮಾರು 30 ಡೆಸಿಬಲ್ ಕಳೆದುಬಿಡುತ್ತದೆ. ಹಳೆಯ ಗ್ರಾಮಫೋನಿನ ಹಾಗೆ ಕಾನೂನಿನ ಮೀಟರಿಗೂ ಎಡಗೈ ಸರಿಯಾಗಿ ಕೇಳಿಸುವುದಿಲ್ಲ. ಪಕ್ಕದ ಮನೆಯವರಿಗೆ ಕೇಳಿಸುತ್ತದೆ.

ವಾರದೊಳಗೆ ಮೊದಲ ಮಹಡಿಯ ಅಜ್ಜಿ ಲಿಫ್ಟಿನಲ್ಲಿ ಸಿಕ್ಕು, "ನಿಮ್ಮ ಕಾರು ಕೆಳಗೆ ಬಂದು ನಿಂತರೆ ನಮ್ಮನೆ ಪಾತ್ರೆ ಸ್ಟ್ಯಾಂಡು ಗಲಗಲ ಅನ್ನತ್ತಪ್ಪ" ಅಂದರು. ಬೈಗುಳವಲ್ಲ, ಸುದ್ದಿ ಹೇಳಿದ ಹಾಗೆ. ಚಿಕ್ಕಪ್ಪ ಆ ರಾತ್ರಿ ಕಾರಿನಲ್ಲಿ ಕೂತು ಸಬ್‌ವೂಫರನ್ನು ಎರಡು ಅಂಕ ಇಳಿಸಿದರು. ತನಿ ಆವರ್ತನ ಹಾಕಿ ಕೇಳಿದರು. ಗುದ್ದು ಕಡಿಮೆಯಾಯಿತು. ಗುಮ್ಕಿ ಹೋಗಲಿಲ್ಲ.